ದಿನಾಂಕವಿಲ್ಲದ ಪಾಸ್ಖ

2025ರಲ್ಲಿ ಪೂರ್ವ ಮತ್ತು ಪಶ್ಚಿಮದ ಧರ್ಮಸಭೆಗಳೆರಡೂ ಎಪ್ರಿಲ್ 20ರಂದೇ ಪಾಸ್ಖ ಹಬ್ಬವನ್ನು ಆಚರಿಸಿದವು. ಹಬ್ಬದ ದಿನದ ಬಗ್ಗೆ ಒಮ್ಮತ ಮೂಡಿಸಿದ ನೈಸಿಯಾ ಮಹಾಸಭೆಗೆ 1700 ವರ್ಷ ತುಂಬಿದ್ದೂ ಅದೇ ವರ್ಷ. ಎಲ್ಲ ಕ್ರೈಸ್ತರಿಗೂ ಪಾಸ್ಖದ ದಿನ ಒಂದೇ ಆಗಬೇಕೆಂದು ದಿವಂಗತ ಪೋಪ್ ಫ್ರಾನ್ಸಿಸ್ ಅವರು ಆ ವರ್ಷದ ಆರಂಭದಲ್ಲಿ ಮತ್ತೊಮ್ಮೆ ಕರೆ ನೀಡಿದ್ದರು. ಯಾವ ದಿನ ಎಂಬ ಈ ಚರ್ಚೆಯಿಂದ ಹೊರಗೇ ಉಳಿದ ಒಂದು ಕ್ರೈಸ್ತ ಸಮುದಾಯವಿದೆ. ಅದುವೇ ಕ್ವೇಕರರದ್ದು. ಪಾಸ್ಖಕ್ಕೆ ಒಂದು ದಿನ ಬೇಕೇ ಎಂಬುದೇ ಅವರ ಪ್ರಶ್ನೆ.

17ನೇ ಶತಮಾನದ ಮಧ್ಯಭಾಗದಲ್ಲಿ ಇಂಗ್ಲೆಂಡಿನಲ್ಲಿ ಜಾರ್ಜ್ ಫಾಕ್ಸ್ ಎಂಬವರ ಬೋಧನೆಯಿಂದ ಈ ಸಮುದಾಯ ಹುಟ್ಟಿತು. ಗುರುಗಳಿಲ್ಲ, ಸಂಸ್ಕಾರಗಳಿಲ್ಲ, ವೇದಿಕೆಯಿಲ್ಲ. ಎಲ್ಲರೂ ಮೌನವಾಗಿ ಕುಳಿತಿರುತ್ತಾರೆ, ಪವಿತ್ರಾತ್ಮರ ಪ್ರೇರಣೆ ಬಂದವರು ಎದ್ದು ನಾಲ್ಕು ಮಾತಾಡಿ ಕೂರುತ್ತಾರೆ. ಒಂದು ದಿನವನ್ನು ಪವಿತ್ರವೆಂದರೆ ಉಳಿದ ದಿನಗಳನ್ನು ಅಪವಿತ್ರವೆಂದಂತಾಗುತ್ತದೆ ಎಂದು ಅವರು ಹಬ್ಬಗಳನ್ನೇ ಕೈಬಿಟ್ಟರು. ವಾರದ ದಿನಗಳಿಗಿದ್ದ ಹಳೆಯ ದೇವತೆಗಳ ಹೆಸರುಗಳೂ ಬೇಡವಾಗಿ, ಭಾನುವಾರವನ್ನು 'ಮೊದಲನೇ ದಿನ' ಎಂದು ಕರೆದರು. ಕ್ರಿಸ್ಮಸ್ ದಿನ ಎಲ್ಲರ ಅಂಗಡಿ ಮುಚ್ಚಿದ್ದರೆ ಇವರದ್ದು ತೆರೆದಿರುತ್ತಿತ್ತು. ಅದಕ್ಕಾಗಿ ಜನರ ಕೋಪವನ್ನೂ ಎದುರಿಸಿದರು. ಹಬ್ಬ ಬೇಡವೆಂದವರು ಅವರೊಬ್ಬರೇ ಅಲ್ಲ. ಪ್ಯೂರಿಟನ್ನರ ಕೈಯಲ್ಲಿದ್ದ ಸಂಸತ್ತು 1647ರಲ್ಲೇ ಪಾಸ್ಖ, ಕ್ರಿಸ್ಮಸ್ ಎರಡನ್ನೂ ರದ್ದುಪಡಿಸಿತ್ತು. ಆದರೆ ಕ್ವೇಕರರ ಕಾರಣ ಬೇರೆ. ಕ್ರಿಸ್ತರು ಎದ್ದಿದ್ದಾರೆ, ಈಗಲೇ ಇಲ್ಲಿಯೇ ತಮ್ಮ ಜನರಿಗೆ ಸ್ವತಃ ಬೋಧಿಸುತ್ತಿದ್ದಾರೆ ಎಂಬುದು ಫಾಕ್ಸ್ ಅವರ ದೃಢ ನಂಬಿಕೆ. ಹಾಗಿರುವಾಗ ವರ್ಷಕ್ಕೊಮ್ಮೆ ನೆನಪಿಸಿಕೊಳ್ಳುವುದೇಕೆ? ಈ ಮಾತನ್ನು ನಾವು ಸುಲಭವಾಗಿ ತಳ್ಳಿಹಾಕುವಂತಿಲ್ಲ.

ಮುಂದಿನ ತಲೆಮಾರುಗಳ ಕತೆ ಸ್ವಲ್ಪ ವಿಚಿತ್ರವಾಗಿದೆ. ವಿಶ್ವವಿದ್ಯಾನಿಲಯದ ಬಾಗಿಲು ಮುಚ್ಚಿದ್ದರಿಂದ ಕ್ವೇಕರರು ವ್ಯಾಪಾರಕ್ಕಿಳಿದರು. ಮದ್ಯಕ್ಕೆ ಬದಲಾಗಿ ಜನ ಕುಡಿಯಲೆಂದು ಕೊಕ್ಕೋ ಮಾರಿದವರೂ ಇದ್ದರು. ಬ್ರಿಸ್ಟಲ್‌ನ ಫ್ರೈ ಕುಟುಂಬದ ಕಂಪನಿ 1873ರಲ್ಲಿ, ಬರ್ಮಿಂಗ್‌ಹ್ಯಾಮ್‌ನ ಕ್ಯಾಡ್ಬರಿ ಕುಟುಂಬದ್ದು 1875ರಲ್ಲಿ ಚಾಕಲೇಟಿನ ಈಸ್ಟರ್ ಮೊಟ್ಟೆಯನ್ನು ಮಾರುಕಟ್ಟೆಗೆ ತಂದವು. ಎರಡೂ ಕ್ವೇಕರ್ ಮನೆತನಗಳು! ಹಬ್ಬವನ್ನೇ ಒಪ್ಪದವರು ಹಬ್ಬದ ತಿಂಡಿಯನ್ನು ಜಗತ್ತಿಗೆ ಕೊಟ್ಟರು. (ನಮ್ಮ ಅಡಿಕೆ ತೋಟಗಳಿಗೆ ಕೊಕ್ಕೋ ಗಿಡ ಬಂದದ್ದರಲ್ಲೂ ಕ್ಯಾಡ್ಬರಿ ಕಂಪನಿಯ ಪಾತ್ರವಿದೆ. ಆ ಹೊತ್ತಿಗೆ ಕ್ವೇಕರ್ ನಂಟು ಸಡಿಲಾಗಿತ್ತು; 2010ರಲ್ಲಿ ಅಮೆರಿಕದ ಕ್ರಾಫ್ಟ್ ಕಂಪನಿ ಅದನ್ನು ಕೊಂಡುಕೊಂಡಿತು.)

20ನೇ ಶತಮಾನದ ಮತ್ತೊಂದು ತಲೆಮಾರಿಗೆ ಪಾಸ್ಖ ಬೀದಿಯಲ್ಲಿ ಸಿಕ್ಕಿತು. 1958ರ ಶುಭ ಶುಕ್ರವಾರದಂದು ಲಂಡನಿನ ಟ್ರಫಾಲ್ಗರ್ ಚೌಕದಿಂದ ಆಲ್ಡರ್‌ಮಾಸ್ಟನ್‌ನ ಅಣ್ವಸ್ತ್ರ ಕೇಂದ್ರದ ಕಡೆಗೆ ಸಾವಿರಾರು ಜನ ಹೊರಟರು. ಸುಮಾರು 80 ಕಿಲೋಮೀಟರ್ ನಡೆದು ಪಾಸ್ಖ ಸೋಮವಾರದಂದು ತಲುಪಿದರು. ಸಂಘಟಕರಲ್ಲೂ ನಡೆದವರಲ್ಲೂ ಕ್ವೇಕರರಿದ್ದರು. ಹಬ್ಬದ ರಜೆ ಸಿಕ್ಕಿತೆಂದು ಆ ದಿನಗಳನ್ನು ಆರಿಸಿದ್ದಿರಬಹುದು, ಆದರೂ ಸಾವಿನ ಆಯುಧಗಳ ಎದುರು ಆ ನಾಲ್ಕು ದಿನ ನಡೆದದ್ದಕ್ಕೆ ತನ್ನದೇ ಅರ್ಥವಿದೆ.

ಆದರೆ ಮನೆಯೊಳಗೆ ಮಕ್ಕಳಿಗೆ ಏನು ಉಳಿಯಿತು? ಜಾನೆಟ್ ಸ್ಕಾಟ್ ಎಂಬ ಕ್ವೇಕರ್ ಮಹಿಳೆ 1994ರಲ್ಲಿ ಬರೆದ ಮಾತುಗಳು ಬ್ರಿಟನ್ನಿನ ಕ್ವೇಕರರ ಅಧಿಕೃತ ಗ್ರಂಥದಲ್ಲೇ ಸೇರಿವೆ. ಕುಟುಂಬ, ಸಮಾಜದ ಒತ್ತಡದಿಂದ ಕ್ರಿಸ್ಮಸ್ ಹೇಗೋ ಮನೆಯೊಳಗೆ ಬಂದಿದೆ. ಪಾಸ್ಖವೂ ಅದರ ಅರ್ಥವೂ ಮಾತ್ರ ಕೆಲವೆಡೆ ಹಬ್ಬದ ಸಮಯದಲ್ಲಷ್ಟೇ ಅಲ್ಲ, ವರ್ಷವಿಡೀ ಮರೆತುಹೋಗುತ್ತಿದೆ ಎಂಬುದು ಅವರ ಕಳವಳ. ನಮ್ಮ ಅಭಿಪ್ರಾಯದಲ್ಲಿ ಇಡೀ ವಿಷಯದ ತಿರುಳು ಇಲ್ಲಿದೆ. ಪ್ರತಿದಿನವೂ ಪಾಸ್ಖವಾಗಲಿ ಎಂದು ಹಿರಿಯರು ದಿನವನ್ನು ಬಿಟ್ಟರು. ಆ ಹಿರಿಯರಿಗೆ ಬೈಬಲ್ ಬಾಯಿಪಾಠವಿತ್ತು, ಸೆರೆಮನೆಯ ಅನುಭವವಿತ್ತು. ಮೊಮ್ಮಕ್ಕಳಿಗೆ ಹಬ್ಬವಿಲ್ಲದಿರುವುದಷ್ಟೇ ಬಳುವಳಿಯಾಗಿ ಬಂತು. ಖಾಲಿ ಸಮಾಧಿಯ ಕತೆಯನ್ನು ಯಾರಾದರೂ ಹೇಳದಿದ್ದರೆ, ಮೌನದಲ್ಲಿ ಕುಳಿತ ಎಂಟು ವರ್ಷದ ಮಗುವಿಗೆ ಅದು ತಾನಾಗಿ ಹೊಳೆಯುವುದು ಹೇಗೆ? ಇಂದು ಬ್ರಿಟನ್ನಿನ ಕ್ವೇಕರರಲ್ಲಿ ತಾವು ದೇವರನ್ನು ನಂಬುವುದಿಲ್ಲ ಎನ್ನುವವರೂ ಇದ್ದಾರೆ. ಅವರ ನಡುವೆಯೇ, ಬೇರೆ ಧರ್ಮಸಭೆಗಳಿಂದ ಬಂದು ಪವಿತ್ರ ವಾರದ ನೆನಪನ್ನು ಬಿಡಲಾಗದವರೂ ಕುಳಿತಿರುತ್ತಾರೆ. ಒಂದೇ ಕೋಣೆ, ಒಂದೇ ಮೌನ.

ಕೀನ್ಯಾಕ್ಕೆ ಹೋದರೆ ಚಿತ್ರವೇ ಬೇರೆ. ಅಮೆರಿಕದ ಮೂವರು ಕ್ವೇಕರ್ ಯುವಕರು 1902ರಲ್ಲಿ ಪಶ್ಚಿಮ ಕೀನ್ಯಾದ ಕೈಮೋಸಿಯಲ್ಲಿ ಮಿಷನ್ ಆರಂಭಿಸಿದರು. ಇಂದು ಜಗತ್ತಿನಲ್ಲೇ ಅತಿ ಹೆಚ್ಚು ಕ್ವೇಕರರಿರುವುದು ಆ ದೇಶದಲ್ಲಿ. ಅಲ್ಲಿ ಪಾಸ್ಟರರಿದ್ದಾರೆ, ಪ್ರಸಂಗವಿದೆ, ಹಾಡಿದೆ, ಪಾಸ್ಖವೂ ಇದೆ. ಕ್ರಿಸ್ತರು ಸತ್ತು ಎದ್ದರು ಎಂಬುದನ್ನು ಅವರು ಯಾವ ಅಳುಕೂ ಇಲ್ಲದೆ ಸಾರುತ್ತಾರೆ. ಬ್ರಿಟನ್ನಿನಲ್ಲಾದರೋ ಸದಸ್ಯರ ಸಂಖ್ಯೆ ದಶಕಗಳಿಂದ ಇಳಿಯುತ್ತಿದೆ. ಹಬ್ಬ ಬಿಟ್ಟದ್ದೇ ಇದಕ್ಕೆ ಕಾರಣವೆಂದು ನಾವು ಹೇಳುವುದಿಲ್ಲ. ಹಬ್ಬಗಳನ್ನು ಬಿಡದ ಧರ್ಮಸಭೆಗಳ ಪೀಠಗಳೂ ಯುರೋಪಿನಲ್ಲಿ ಖಾಲಿಯಾಗಿವೆಯಲ್ಲವೇ? ಪಾಸ್ಖ ಜಾಗರಣೆಯಲ್ಲಿ ಮೇಣದ ಬತ್ತಿ ಹಿಡಿದು ನಿಂತ ನಮ್ಮ ಮಕ್ಕಳು ಸೋಮವಾರ ಮನೆಯಲ್ಲಿ ಏನು ಕೇಳುತ್ತಾರೆ ಎಂಬ ಪ್ರಶ್ನೆಯನ್ನು ಹಳೆಯ ಕ್ವೇಕರರು ನಮಗೂ ಕೇಳಿಯಾರು.

ಮೇಲೆ ಹೇಳಿದ ಅಧಿಕೃತ ಗ್ರಂಥವನ್ನು ಪರಿಷ್ಕರಿಸಲು ಬ್ರಿಟನ್ನಿನ ಕ್ವೇಕರರು 2018ರ ತಮ್ಮ ವಾರ್ಷಿಕ ಸಭೆಯಲ್ಲಿ ತೀರ್ಮಾನಿಸಿದರು. ಪರಿಷ್ಕೃತ ಪುಸ್ತಕ ಕೈಗೆ ಬಂದಾಗ ಜಾನೆಟ್ ಸ್ಕಾಟ್ ಅವರ ಆ ಸಾಲುಗಳು ಅದರಲ್ಲಿ ಉಳಿದಿವೆಯೇ ಎಂದು ನಾವು ಮೊದಲು ನೋಡಲಿದ್ದೇವೆ.