ಕರಗ ಮರೆಯದ ಊರು

ಚೈತ್ರ ಹುಣ್ಣಿಮೆಯ ರಾತ್ರಿ ಬೆಂಗಳೂರಿನ ಹಳೇ ಪೇಟೆ ಮಲಗುವುದಿಲ್ಲ. ಧರ್ಮರಾಯಸ್ವಾಮಿ ದೇವಸ್ಥಾನದಿಂದ ಕರಗ ಹೊರಡುವ ಹೊತ್ತಿಗೆ ನಡುರಾತ್ರಿ ದಾಟಿರುತ್ತದೆ. ಮುಚ್ಚಿದ ಅಂಗಡಿಗಳ ಜಗಲಿಯ ಮೇಲೆ, ಮಹಡಿಯ ಕಿಟಕಿಗಳಲ್ಲಿ ಜನ ಮಲ್ಲಿಗೆ ಹಿಡಿದು ಕಾದಿರುತ್ತಾರೆ. ಬಿಚ್ಚುಗತ್ತಿಯ ವೀರಕುಮಾರರ ನಡುವೆ ಅರಿಶಿನ ಬಣ್ಣದ ಸೀರೆಯುಟ್ಟು, ಕೈತುಂಬ ಬಳೆ ತೊಟ್ಟು, ಹೆಂಡತಿಯ ತಾಳಿಯನ್ನು ತನ್ನ ಕೊರಳಿಗೆ ಹಾಕಿಕೊಂಡ ಪೂಜಾರಿ ಬರುತ್ತಾರೆ. ತಲೆಯ ಮೇಲೆ ಮಲ್ಲಿಗೆಯ ಗೋಪುರ. ಅದಕ್ಕೆ ಕೈ ಸೋಕಿಸುವಂತಿಲ್ಲ. ಆ ರಾತ್ರಿಯ ಮಟ್ಟಿಗೆ ಅವರು ದ್ರೌಪದಿ. "ಗೋವಿಂದಾ" ಎಂಬ ಕೂಗು ಎದ್ದಾಗ ಪ್ರತಿ ಸಲವೂ ನನ್ನ ಮೈ ಜುಂ ಎನ್ನುತ್ತದೆ.

ಬೆಂಗಳೂರು ಯಾರದು, ಅದರ ನಿಜವಾದ ಸಂಸ್ಕೃತಿ ಯಾವುದು ಎಂದು ವರ್ಷವಿಡೀ ಜಗಳವಾಡುತ್ತೇವೆ. ಉತ್ತರ ಬೇಕಿದ್ದವರು ಈ ಒಂದು ರಾತ್ರಿ ಕರಗದ ಹಿಂದೆ ನಡೆಯಬೇಕು ಎಂಬುದು ನನ್ನ ನಂಬಿಕೆ.

ಊರು ಹಳೆಯದು. ಬೇಗೂರಿನ ದೇವಸ್ಥಾನದ ವೀರಗಲ್ಲೊಂದರಲ್ಲಿ ಬೆಂಗಳೂರಿನ ಕಾಳಗದ ಮಾತಿದೆ. ಅದರ ಕಾಲ ಕ್ರಿ.ಶ. 890ರ ಆಸುಪಾಸು. ಹೀಗಿರುವಾಗ ಬೆಂದ ಕಾಳಿನಿಂದ ಊರಿಗೆ ಹೆಸರು ಬಂತೆಂಬ ಕಥೆಯನ್ನು ಮಕ್ಕಳಿಗೆ ಇತಿಹಾಸವೆಂದು ಹೇಳಿಕೊಡುವುದನ್ನು ಇನ್ನಾದರೂ ಬಿಡಬೇಕು. ಕೆಂಪೇಗೌಡರು 1537ರಲ್ಲಿ ಕಟ್ಟಿದ್ದು ಪೇಟೆಯನ್ನು: ದೊಡ್ಡಪೇಟೆ, ಚಿಕ್ಕಪೇಟೆಗಳು ಒಂದನ್ನೊಂದು ಹಾಯುವಲ್ಲಿಂದ ನಾಲ್ಕು ದಿಕ್ಕಿಗೆ ಎತ್ತು ಹೂಡಿ ಬೀದಿಗಳ ಗೆರೆ ಎಳೆಸಿದರು ಎನ್ನುತ್ತಾರೆ. ಅಕ್ಕಿಪೇಟೆ, ಅರಳೆಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ತಿಗಳರಪೇಟೆ. ಇಷ್ಟೂ ಹೆಸರು ಒಂದೋ ಕಸುಬಿನದು, ಇಲ್ಲವೇ ಸರಕಿನದು. ದುಡಿಯಲು ಬಂದವರಿಗೆ ಜಾಗ ಕೊಟ್ಟು ಬೆಳೆದ ಊರಿದು ಎಂಬುದಕ್ಕೆ ಬೇರೆ ಪುರಾವೆ ಬೇಡ.

ತಿಗಳರು ಅಂಥ ದುಡಿಮೆಗಾರರು. 1760ರಲ್ಲಿ ಲಾಲ್‌ಬಾಗ್‌ಗೆ ಅಡಿಪಾಯ ಹಾಕಿದ ಹೈದರಾಲಿ ತೋಟದ ಕೆಲಸಕ್ಕೆ ತಮಿಳು ಸೀಮೆಯಿಂದ ಇವರನ್ನು ಕರೆತಂದ ಎಂಬ ಮಾತಿದೆ. ಅದಕ್ಕೂ ಮೊದಲೇ ಬಂದು ನೆಲೆಸಿದವರಿದ್ದರು ಎನ್ನುವವರೂ ಇದ್ದಾರೆ. ಮನೆಯೊಳಗೆ ತಮಿಳಿನ ಒಂದು ನುಡಿ, ಬೀದಿಯಲ್ಲಿ ಕನ್ನಡ. ಹೂವು, ಸೊಪ್ಪು, ತರಕಾರಿ ಬೆಳೆದು ಊರಿಗೆ ಉಣಿಸಿದವರು. ಬೆಂಗಳೂರಿನ ಅತಿ ದೊಡ್ಡ ಹಬ್ಬವಾದ ಕರಗದ ಒಡೆಯರು ಇವರೇ. ಕನ್ನಡದ ಊರು ಇದನ್ನು ತನ್ನ ಹಬ್ಬ ಎಂದುಕೊಂಡಿತು, ಇವರು ಈ ಊರನ್ನು ತಮ್ಮ ಊರು ಎಂದುಕೊಂಡರು. ಇವತ್ತು ಬದುಕು ಅರಸಿ ಇಲ್ಲಿಗೆ ಬರುವವರಿಂದ ನಾವು ಕೇಳುವುದೂ ಇಷ್ಟೇ ಅಲ್ಲವೇ? ಮನೆಯ ಮಾತು ಮನೆಯಲ್ಲಿರಲಿ, ಬೀದಿಯ ಮಾತು ಕನ್ನಡವಾಗಲಿ. ಹಾಗೆ ಬಂದವರಿಗೆ ಜಾಗ ಬಿಡುವುದು ನಮ್ಮ ಪಾಲಿನ ಕೆಲಸ.

ತೋಟಗಾರರ ಹಬ್ಬವೆಂದರೆ ನೀರಿನ ಹಬ್ಬ. ಕರಗವೆಂಬ ಮಾತಿಗೆ ಮೊದಲ ಅರ್ಥವೇ ನೀರಿನ ಪಾತ್ರೆ. ಹುಣ್ಣಿಮೆಗೆ ಮುನ್ನ ಹಸಿ ಕರಗ ಬರುವುದು ಸಂಪಂಗಿ ಕೆರೆಯಂಗಳದಿಂದ. ಆ ಕೆರೆ ಎಲ್ಲಿದೆ? ಕಂಠೀರವ ಕ್ರೀಡಾಂಗಣದ ಅಡಿಯಲ್ಲಿ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಕೆರೆಯ ಸುತ್ತಲಿನ ತೋಟಗಾರರು ನೀರು ಬೇಕೆಂದರೆ, ಬ್ರಿಟಿಷರ ದಂಡುಪ್ರದೇಶದವರಿಗೆ ಪೋಲೊ ಆಡಲು ಒಣಗಿದ ಅಂಗಳ ಬೇಕಿತ್ತು. 1890ರ ದಶಕದಲ್ಲಿ ಹೆಸರಘಟ್ಟದ ನೀರು ಕೊಳಾಯಿಯಲ್ಲಿ ಹರಿದು ಬಂದ ಮೇಲೆ ಊರಿನವರಿಗೆ ಕೆರೆಯ ಹಂಗು ತಪ್ಪಿತು. ಹಂಗು ತಪ್ಪಿದ ಕೆರೆಯ ಪರವಾಗಿ ಮಾತಾಡುವವರು ಕಡಿಮೆ. ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣ ಬಂತು. ಸಿದ್ದಿಕಟ್ಟೆಯ ಜಾಗದಲ್ಲಿ 1921ರಲ್ಲಿ ಕೆ.ಆರ್. ಮಾರ್ಕೆಟ್ ಎದ್ದಿತು. 1974ರಿಂದ ಸುಮಾರು ನೂರು ಕಿಲೋಮೀಟರ್ ದೂರದ ಕಾವೇರಿಯನ್ನು ಬೆಟ್ಟ ಹತ್ತಿಸಿ ತಂದು ಕುಡಿಯುತ್ತಿದ್ದೇವೆ.

ಸಂಪಂಗಿ ಕೆರೆಯಲ್ಲಿ ಇವತ್ತು ಉಳಿದದ್ದು ಒಂದು ಪುಟ್ಟ ಕುಂಟೆ. ಅದೂ ಉಳಿದದ್ದು ಕರಗಕ್ಕೆ ಬೇಕು ಎಂಬ ಒಂದೇ ಕಾರಣಕ್ಕೆ. ಕಾಗದಪತ್ರ, ಕಾಯಿದೆಗಳು ಉಳಿಸಲಾಗದ ನೀರನ್ನು ಒಂದು ಆಚರಣೆ ಉಳಿಸಿಕೊಂಡಿತು. ಕರಗವನ್ನು ಪ್ರವಾಸಿಗಳಿಗೆ ತೋರಿಸುವ ವೈಭವ ಎಂದಷ್ಟೇ ನೋಡುವವರಿಗೆ ಇದು ಕಾಣುವುದಿಲ್ಲ. ಶಾಲೆಯ ಮಕ್ಕಳನ್ನು ಈ ಕುಂಟೆಯ ದಂಡೆಗೆ ಕರೆತಂದು, ಎದುರಿನ ಕ್ರೀಡಾಂಗಣ ತೋರಿಸಿ, ಅಲ್ಲಿಯವರೆಗೂ ನೀರಿತ್ತು ಎಂದು ಹೇಳಬೇಕು. ಊರಿನ ಇತಿಹಾಸಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ತೋಚುತ್ತಿಲ್ಲ.

ಪೇಟೆಯ ಗುಡಿಗಳ ಮುಂದೆ ನಿಂತು ಪೂಜೆ ಪಡೆಯುತ್ತ ಸಾಗುವ ಕರಗ ಅರಳೆಪೇಟೆಯಲ್ಲಿ ಹಜರತ್ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗುತ್ತದೆ. ಈ ನಂಟು ಹೇಗೆ ಬಂತು ಎಂಬುದಕ್ಕೆ ಕಥೆಗಳು ಹಲವು. 2022ರಲ್ಲಿ ದರ್ಗಾ ಭೇಟಿ ನಿಲ್ಲಿಸಬೇಕು ಎಂಬ ಕೂಗೆದ್ದಾಗ ದೇವಸ್ಥಾನದವರು ಒಪ್ಪಲಿಲ್ಲ. ಹಿಂದಿನಿಂದ ನಡೆದುಬಂದದ್ದು ನಡೆಯುತ್ತದೆ ಎಂದರು, ನಡೆಸಿದರು. ಈ ಊರಿನವನೆಂದು ನನಗೆ ಆ ದಿನ ಆದ ಹೆಮ್ಮೆ ಯಾವ ಗಾಜಿನ ಕಟ್ಟಡ ನೋಡಿದಾಗಲೂ ಆಗಿಲ್ಲ. ಮಹಾಭಾರತದ ಹೆಣ್ಣೊಬ್ಬಳು ತೋಟಗಾರನ ಮೈಯಲ್ಲಿ ಬಂದು, ಸೂಫಿಯೊಬ್ಬನ ಬಾಗಿಲಲ್ಲಿ ನಿಂತು ಗೌರವ ಪಡೆದು ಮುಂದೆ ಹೋಗುತ್ತಾಳೆ. ಇದನ್ನು ಯಾವ ಸರ್ಕಾರವೂ ಆಜ್ಞೆ ಹೊರಡಿಸಿ ಮಾಡಿಸಿದ್ದಲ್ಲ.

ಬೆಂಗಳೂರಿಗೆ ಇನ್ನೊಂದು ಮೈಯೂ ಇದೆ. 1809ರಲ್ಲಿ ಹುಟ್ಟಿದ ದಂಡಿಗೆ ಬೇರೆ ಮಾರ್ಕೆಟ್ಟು, ಬೇರೆ ಭಾಷೆಗಳು, 1949ರವರೆಗೂ ಬೇರೆಯೇ ಪೌರಸಭೆ. ಅದರ ಕಥೆಯನ್ನು ಇನ್ನೊಂದು ವಾರ ಬರೆಯುವೆ. ಆದರೆ ಬೆಂಗಳೂರೆಂದರೆ ಬ್ರಿಟಿಷರ ಬಂಗಲೆ, ಆಮೇಲೆ ಕಂಪ್ಯೂಟರ್ ಎಂದು ಎರಡೇ ಮಾತಿನಲ್ಲಿ ಮುಗಿಸುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಹೋದ ಸಲ ಬೆಳಗಿನ ಜಾವ ದೊಡ್ಡಪೇಟೆಯಲ್ಲಿ, ಈಗಿನ ಅವೆನ್ಯೂ ರಸ್ತೆಯಲ್ಲಿ, ನಿಂತಿದ್ದೆ. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ಸೆರಗಿನ ತುದಿಯಲ್ಲಿ ಮಲ್ಲಿಗೆ ಕಟ್ಟಿಕೊಂಡಿದ್ದರು. ಎಷ್ಟು ವರ್ಷದಿಂದ ಬರುತ್ತಿದ್ದೀರಮ್ಮ ಎಂದು ಕೇಳಿದೆ. "ನಮ್ಮವ್ವನ ಸೊಂಟದ ಮೇಲೆ ಕೂತಾಗಿಂದ" ಎಂದರು. ಕರಗ ದಾಟಿಹೋಯಿತು. ಅವರು ಹೂ ಎರಚಿ, ಕೈಯಲ್ಲಿ ಉಳಿದ ನಾಲ್ಕು ಮೊಗ್ಗುಗಳನ್ನು ನನ್ನ ಅಂಗೈಗೆ ಹಾಕಿದರು. ಪೌರಕಾರ್ಮಿಕರು ಆಗಲೇ ಪೊರಕೆ ಹಿಡಿದು ಬಂದಿದ್ದರು. ಸಿದ್ದಿಕಟ್ಟೆಯಿದ್ದ ಕಡೆಯಿಂದ ಹೂವಿನ ಮೂಟೆ ಹೊತ್ತ ಆಳುಗಳು "ದಾರಿ, ದಾರಿ" ಎನ್ನುತ್ತ ಎದುರಾದರು.