ಕತ್ತಲೆಗೆ ಮೊದಲು ಯಂತ್ರ ಹೋಗಲಿ

ಮಾದಾಪುರಕ್ಕೆ ಬಂದವರೆಲ್ಲರೂ ತಲೆಯೆತ್ತಿ ನೋಡುತ್ತಾರೆ. 1998ರಲ್ಲಿ ಸೈಬರ್ ಟವರ್ಸ್ ತೆರೆದಂದಿನಿಂದ ಇಲ್ಲಿ ಗಾಜಿನ ಸೌಧಗಳು ಒಂದಕ್ಕಿಂತ ಒಂದು ಎತ್ತರವಾಗಿ ಎದ್ದು ನಿಂತಿವೆ. ಅವುಗಳ ಕೀರ್ತಿಯನ್ನು ಹೊಗಳುವವರಿಗೆ ಕೊರತೆಯಿಲ್ಲ. ಆದರೆ ತಲೆ ತಗ್ಗಿಸಿ ನೋಡುವವರು ವಿರಳ. ಇಂತಹ ಸೌಧಗಳ ಅಡಿಯಲ್ಲಿ ಕಗ್ಗಲ್ಲನ್ನು ಸೀಳಿ ತೋಡಿದ ನೆಲಮಾಳಿಗೆಗಳಿವೆ. ರಸ್ತೆಗಳ ಅಡಿಯಲ್ಲಿ ಚರಂಡಿಗಳೂ ಕೊಳವೆಗಳೂ ಇವೆ. ನಾಡಿಗೆ ಬೇಕಾದ ಕಲ್ಲಿದ್ದಲಿಗೂ ಲೋಹಕ್ಕೂ ಗಣಿಗಳನ್ನು, ನೀರಿಗೆ ಸುರಂಗಗಳನ್ನು ತೋಡಲಾಗಿದೆ. ಈ ಕತ್ತಲೆಯ ಲೋಕದಲ್ಲಿ ದುಡಿಯುವ ಮನುಷ್ಯನ ಮುಖವನ್ನು ನಗರವು ಕಾಣುವುದು ಬಹುಮಟ್ಟಿಗೆ ಅಪಘಾತವಾದ ಮರುದಿನ ಮಾತ್ರ.

ಡ್ರೋನ್ ಎಂಬ ಕಿರು ಹಾರುಯಂತ್ರವನ್ನು ನಮ್ಮ ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಮದುವೆಯ ಮಂಟಪದ ಮೇಲೆ, ಹೊಲದ ಮೇಲೆ ಅದು ಹಾರುವುದನ್ನು ನೋಡದವರು ಅಪರೂಪ. ಆದರೆ ಅದರ ಅತ್ಯಂತ ಉದಾತ್ತವಾದ ಉಪಯೋಗವು ಬಯಲಿನಲ್ಲಿಲ್ಲ, ನೆಲದೊಳಗಿದೆ ಎಂಬುದು ನಮ್ಮ ಅಭಿಪ್ರಾಯ. ಮನುಷ್ಯನು ಕಾಲಿಡುವುದಕ್ಕೆ ಮೊದಲು ಅಪಾಯದ ಸ್ಥಳಕ್ಕೆ ಯಂತ್ರವು ಹೋಗಿ ನೋಡಿಬರಬೇಕು. ಅಪಘಾತವಾದ ಮೇಲೆ ದೂರದಿಂದ ತರಿಸುವ ಯಂತ್ರವಾಗಿ ಅಲ್ಲ, ಕೆಲಸ ಆರಂಭವಾದ ದಿನದಿಂದಲೇ ಸುರಂಗದ ಬಾಗಿಲಿನಲ್ಲಿ ಸಿದ್ಧವಾಗಿರತಕ್ಕ ಯಂತ್ರವಾಗಿ ಅದು ಇರಬೇಕು.

ಇದನ್ನು ಹೇಳಲು ಕಾರಣವಿಲ್ಲದಿಲ್ಲ. ಕೃಷ್ಣೆಯ ನೀರನ್ನು ಒಯ್ಯುವ ಶ್ರೀಶೈಲ ಎಡದಂಡೆ ಕಾಲುವೆಗಾಗಿ ನಾಗರ್‌ಕರ್ನೂಲ್ ಜಿಲ್ಲೆಯಲ್ಲಿ ತೋಡುತ್ತಿದ್ದ ಸುರಂಗವು 2025ರ ಫೆಬ್ರವರಿ 22ರಂದು ಕುಸಿಯಿತು. ಬಾಯಿಯಿಂದ ಸುಮಾರು 14 ಕಿಲೋಮೀಟರು ಒಳಗೆ ನೀರೂ ಕೆಸರೂ ನುಗ್ಗಿ ಎಂಟು ಮಂದಿ ಸಿಕ್ಕಿಕೊಂಡರು. ಸೈನ್ಯದವರು ಬಂದರು, ಸಿಂಗರೇಣಿಯ ಗಣಿಯವರು ಬಂದರು, ಕೇರಳದಿಂದ ನಾಯಿಗಳು ಬಂದವು, ನಮ್ಮ ಹೈದರಾಬಾದಿನಿಂದಲೇ ಯಂತ್ರಮಾನವನು ಹೋದನು. ಎಲ್ಲರೂ ಪ್ರಾಣದ ಹಂಗು ತೊರೆದು ದುಡಿದರು. ಆದರೂ ಮಾರ್ಚ್ ತಿಂಗಳಲ್ಲಿ ದೊರೆತದ್ದು ಎರಡು ಶವಗಳು ಮಾತ್ರ.

ಅದಕ್ಕೂ ಮೊದಲು, 2023ರ ನವೆಂಬರ್ 12ರಂದು, ಉತ್ತರಾಖಂಡದ ಸಿಲ್ಕ್ಯಾರಾದಲ್ಲಿ ರಸ್ತೆಯ ಸುರಂಗವೊಂದು ಕುಸಿದು 41 ಮಂದಿ ಕಾರ್ಮಿಕರು ಒಳಗೆ ಉಳಿದರು. ಅಲ್ಲಿ ಉಪಗ್ರಹದ ನೆರವಿಲ್ಲದೆ ಸುರಂಗದೊಳಗೆ ಹಾರಬಲ್ಲ ಡ್ರೋನ್‌ಗಳನ್ನು ತೆಗೆದುಕೊಂಡು ಹೋದವರು ಬೆಂಗಳೂರಿನ ಸ್ಕ್ವಾಡ್ರೋನ್ ಸಂಸ್ಥೆಯ ತಂಡದವರು. ನವೆಂಬರ್ 21ರಂದು ಆರು ಅಂಗುಲದ ಕೊಳವೆಯ ಮೂಲಕ ತೂರಿಸಿದ ಪುಟ್ಟ ಕ್ಯಾಮರಾವು ಒಳಗಿನವರ ಮುಖಗಳನ್ನು ಹೊರಗಿನವರಿಗೆ ತೋರಿಸಿತು. ಕೊರೆಯುವ ಯಂತ್ರವು ಮುರಿದಾಗ ಕೊನೆಯ ಹತ್ತು ಹನ್ನೆರಡು ಮೀಟರುಗಳನ್ನು ಬಡ ಗಣಿಗಾರರು ಕೈಯಿಂದಲೇ ಅಗೆದರು. ಹದಿನೇಳನೆಯ ದಿನವಾದ ನವೆಂಬರ್ 28ರಂದು 41 ಮಂದಿಯೂ ಬದುಕಿ ಹೊರಬಂದರು.

ಈ ಎರಡು ಘಟನೆಗಳಲ್ಲಿ ಒಂದು ಸಂತೋಷದಲ್ಲಿಯೂ ಇನ್ನೊಂದು ದುಃಖದಲ್ಲಿಯೂ ಕೊನೆಗೊಂಡಿತು. ಎರಡರಲ್ಲಿಯೂ ಸಮಾನವಾದ ಅಂಶವೊಂದುಂಟು: ನೋಡುವ ಕಣ್ಣುಗಳು ಕುಸಿತದ ನಂತರ ದೂರದೂರುಗಳಿಂದ ಬರಬೇಕಾಯಿತು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರಂತೆ ಎಂಬ ಗಾದೆಯನ್ನು ನಮ್ಮ ಹಿರಿಯರು ಸುಮ್ಮನೆ ಕಟ್ಟಲಿಲ್ಲ. ಸುರಂಗದ ಮಾಳಿಗೆಯನ್ನೂ ಗೋಡೆಯನ್ನೂ ವಾರಕ್ಕೊಮ್ಮೆ ಲೇಸರಿನಿಂದ ಅಳೆದು, ಹಿಂದಿನ ವಾರದ ನಕ್ಷೆಯೊಡನೆ ಹೋಲಿಸಿದರೆ, ಶಿಲೆ ಎಲ್ಲಿ ಉಬ್ಬಿದೆ, ಎಲ್ಲಿ ಜರುಗಿದೆ ಎಂಬುದು ಬಹಳಷ್ಟು ತಿಳಿಯುತ್ತದೆ. ಎಲ್ಲ ಕುಸಿತಗಳೂ ಮುನ್ಸೂಚನೆ ಕೊಟ್ಟೇ ಬರುತ್ತವೆಂದು ನಾವು ಹೇಳುವುದಿಲ್ಲ. ಆದರೆ ಕೊಡುವ ಸೂಚನೆಯನ್ನು ನೋಡುವವರೇ ಇಲ್ಲದಿರುವುದು ಕ್ಷಮಾರ್ಹವಲ್ಲ.

ಹಾಗಾದರೆ ಒಂದು ಡ್ರೋನನ್ನು ಕೊಂಡು ಸುರಂಗದೊಳಗೆ ಹಾರಿಸಿಬಿಟ್ಟರೆ ಆಯಿತೇ? ಆಗಲಿಲ್ಲ. ಬಯಲಿನಲ್ಲಿ ಹಾರುವ ಡ್ರೋನಿಗೆ ದಾರಿ ತೋರಿಸುವುದು ಜಿ.ಪಿ.ಎಸ್. ಸುಮಾರು 20,200 ಕಿಲೋಮೀಟರು ಎತ್ತರದಲ್ಲಿ ಸುತ್ತುವ ಉಪಗ್ರಹಗಳ ಸಂಕೇತವು ನಮ್ಮನ್ನು ಮುಟ್ಟುವ ಹೊತ್ತಿಗೆ ಅತಿ ಕ್ಷೀಣವಾಗಿರುತ್ತದೆ. ಕೆಲವೇ ಮೀಟರುಗಳ ಬಂಡೆ ಅದನ್ನು ನುಂಗಿಬಿಡುತ್ತದೆ. ನೆಲದೊಳಗೆ ಹೊಕ್ಕ ಡ್ರೋನು ನಕ್ಷತ್ರಗಳು ಮರೆಯಾದ ರಾತ್ರಿಯ ನಾವಿಕನಂತೆ. ತಾನೆಲ್ಲಿದ್ದೇನೆ ಎಂಬುದನ್ನು ಅದು ತಾನೇ ಲೆಕ್ಕ ಹಾಕಿಕೊಳ್ಳಬೇಕು.

ಆ ಲೆಕ್ಕ ಹೇಗೆಂಬುದನ್ನು ಪ್ರೌಢಶಾಲೆಯ ಗಣಿತದಿಂದಲೇ ತಿಳಿಯಬಹುದು. ಡ್ರೋನಿನ ಒಡಲಲ್ಲಿ ವೇಗೋತ್ಕರ್ಷವನ್ನು ಅಳೆಯುವ ಪುಟ್ಟ ಉಪಕರಣವಿದೆ. ವೇಗೋತ್ಕರ್ಷದಿಂದ ವೇಗವನ್ನೂ, ವೇಗದಿಂದ ದೂರವನ್ನೂ ಕಂಡುಹಿಡಿಯಬಹುದಷ್ಟೆ. ಆದರೆ ಆ ಉಪಕರಣವು ಸೆಕೆಂಡಿಗೆ ಸೆಕೆಂಡಿಗೆ ಒಂದೇ ಒಂದು ಸೆಂಟಿಮೀಟರಿನಷ್ಟು ತಪ್ಪು ಹೇಳಿದರೂ ಹತ್ತು ಸೆಕೆಂಡಿನಲ್ಲಿ ಅರ್ಧ ಮೀಟರು, ಒಂದು ನಿಮಿಷದಲ್ಲಿ 18 ಮೀಟರು ದಾರಿ ತಪ್ಪುತ್ತದೆ. ಕಾಲವು ಆರು ಪಟ್ಟು ಹೆಚ್ಚಿದರೆ ತಪ್ಪು ಮೂವತ್ತಾರು ಪಟ್ಟು ಹೆಚ್ಚುತ್ತದೆ. ಐದು ಮೀಟರು ಅಗಲದ ಸುರಂಗದಲ್ಲಿ 18 ಮೀಟರಿನ ತಪ್ಪೆಂದರೆ ಗೋಡೆಗೆ ಡಿಕ್ಕಿ ಎಂದೇ ಅರ್ಥ.

ಆದುದರಿಂದ ಒಳಗಿನ ಲೆಕ್ಕವನ್ನು ಹೊರಗಿನ ನೋಟದಿಂದ ಕ್ಷಣಕ್ಷಣವೂ ತಿದ್ದಬೇಕು. ಬೆಳಕು ಒಂದು ಸೆಕೆಂಡಿನ ನೂರು ಕೋಟಿಯ ಒಂದು ಭಾಗದಲ್ಲಿ 30 ಸೆಂಟಿಮೀಟರು ಚಲಿಸುತ್ತದೆ. ಲೇಸರಿನ ಕಿರಣವು ಗೋಡೆಗೆ ಬಡಿದು ಮರಳಿದ ಕಾಲವನ್ನು ಅಳೆದು, ಯಂತ್ರವು ಗೋಡೆಯ ದೂರವನ್ನು ಅರಿಯುತ್ತದೆ. ಇಂತಹ ಅಸಂಖ್ಯ ಬಿಂದುಗಳನ್ನು ಕೂಡಿಸಿ ನಕ್ಷೆ ಬರೆಯುತ್ತದೆ. ಆ ನಕ್ಷೆಯಲ್ಲಿಯೇ ತನ್ನ ಸ್ಥಾನವನ್ನು ಗುರುತಿಸಿಕೊಳ್ಳುತ್ತದೆ. ಕಾಣದ ಊರಿಗೆ ಹೋದವನು ನಡೆಯುತ್ತಲೇ ಬೀದಿಗಳನ್ನು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳುವಂತೆ ಇದೂ ಒಂದು ವಿದ್ಯೆ.

ಈ ವಿದ್ಯೆಗೂ ಮಿತಿಗಳುಂಟು. ಬೃಹದ್ಯಂತ್ರವು ಕೊರೆದ ದುಂಡಾದ, ನುಣುಪಾದ ಸುರಂಗದಲ್ಲಿ ಈ ಗಜವೂ ಮುಂದಿನ ಗಜವೂ ಒಂದೇ ಬಗೆಯಾಗಿ ಕಾಣುತ್ತವೆ. ಅಲ್ಲಿ ಲೇಸರಿಗೆ ಗೋಡೆಯ ದೂರ ತಿಳಿಯುತ್ತದೆಯೇ ಹೊರತು, ಎಷ್ಟು ಮುಂದೆ ಬಂದೆನೆಂಬುದು ತಿಳಿಯುವುದು ಕಷ್ಟ. ಕ್ಯಾಮರಾಕ್ಕೆ ಬೆಳಕು ಬೇಕು. ರೆಕ್ಕೆಯ ಗಾಳಿಗೆ ಎದ್ದ ಧೂಳು ಆ ಬೆಳಕನ್ನೇ ಮುಸುಕುತ್ತದೆ. ಕಾಂಕ್ರೀಟಿನೊಳಗಿನ ಉಕ್ಕಿನ ಸರಳುಗಳು ದಿಕ್ಸೂಚಿಯನ್ನು ದಾರಿ ತಪ್ಪಿಸುತ್ತವೆ. ಮಾಳಿಗೆಗೆ ತೀರ ಸಮೀಪವಾದರೆ ಗಾಳಿಯ ಸೆಳೆತವೇ ಯಂತ್ರವನ್ನು ಮೇಲಕ್ಕೆ ಹೀರುತ್ತದೆ. ಸುರಂಗವು ತಿರುಗಿದಲ್ಲಿ ರೇಡಿಯೋ ಸಂಪರ್ಕ ಕಡಿಯುತ್ತದೆ.

ಈ ಕಷ್ಟಗಳನ್ನು ಎದುರಿಸಲೆಂದೇ ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆಯಾದ ಡಾರ್ಪಾ 2018ರಿಂದ ಭೂಗರ್ಭ ಸ್ಪರ್ಧೆಯೊಂದನ್ನು ನಡೆಸಿತು. 2021ರ ಸೆಪ್ಟೆಂಬರಿನಲ್ಲಿ ಲೂಯಿವಿಲ್ ನಗರದ ಹಳೆಯ ಸುಣ್ಣಕಲ್ಲಿನ ಗಣಿಯಲ್ಲಿ ಅದರ ಅಂತಿಮ ಸುತ್ತು ನಡೆಯಿತು. ಗೆದ್ದ ಸೆರ್ಬೆರಸ್ ತಂಡದವರು ಹಾರುಯಂತ್ರವನ್ನಷ್ಟೇ ನೆಚ್ಚಲಿಲ್ಲ. ನಾಲ್ಕು ಕಾಲಿನ ನಡೆಯುವ ಯಂತ್ರಗಳನ್ನೂ ಜೊತೆಗೊಯ್ದರು. ಸಂಪರ್ಕ ಕಡಿಯದಂತೆ ದಾರಿಯಲ್ಲಿ ಪುಟ್ಟ ರೇಡಿಯೋ ಪೆಟ್ಟಿಗೆಗಳನ್ನು ಇಡುತ್ತ ಸಾಗಿದರು. ಮರಳುವ ದಾರಿಗೆಂದು ಕಾಡಿನಲ್ಲಿ ಕಾಳು ಚೆಲ್ಲುತ್ತ ಹೋದ ಜಾಣ ಹುಡುಗನ ಕಥೆಯನ್ನು ಇದು ನೆನಪಿಗೆ ತರುವುದಿಲ್ಲವೇ?

ಮರಳುವ ದಾರಿ ಎಂಬ ಮಾತಿನಲ್ಲಿಯೇ ಈ ವಿದ್ಯೆಯ ತಿರುಳಿದೆ. ನೆಲದೊಳಗೆ ಹಾರಿಸುವವನ ಜಾಣ್ಮೆಯನ್ನು ಅವನು ಎಷ್ಟು ದೂರ ಹೋದನೆಂಬುದರಿಂದ ಅಳೆಯತಕ್ಕದ್ದಲ್ಲ. ಎಲ್ಲಿ ಹಿಂದಿರುಗಿದನೆಂಬುದರಿಂದ ಅಳೆಯತಕ್ಕದ್ದು. ನೀರು ತುಂಬಿದ ಗುಹೆಗಳಲ್ಲಿ ಮುಳುಗುವವರಲ್ಲಿ ಒಂದು ನಿಯಮವಿದೆ: ಉಸಿರಿನ ಗಾಳಿಯ ಮೂರನೆಯ ಒಂದು ಪಾಲು ಹೋಗುವುದಕ್ಕೆ, ಒಂದು ಪಾಲು ಬರುವುದಕ್ಕೆ, ಇನ್ನೊಂದು ಪಾಲು ಆಪತ್ತಿಗೆ ಮೀಸಲು. ಡ್ರೋನಿನ ಬ್ಯಾಟರಿಗೂ ಇದೇ ನಿಯಮವನ್ನು ವಿಧಿಸಬೇಕು. ಸಂಪರ್ಕ ಕಡಿದರೆ ಬಂದ ದಾರಿಯಲ್ಲಿಯೇ ತಾನಾಗಿ ಹಿಂದಿರುಗುವಂತೆ, ಅದೂ ಸಾಧ್ಯವಾಗದಿದ್ದರೆ ಇದ್ದಲ್ಲಿಯೇ ಮೆಲ್ಲಗೆ ಇಳಿಯುವಂತೆ ಯಂತ್ರಕ್ಕೆ ಮೊದಲೇ ಕಲಿಸಿರಬೇಕು. ರೆಕ್ಕೆಗಳ ಸುತ್ತ ಪಂಜರವಿರಬೇಕು. ಸಿಕ್ಕಿಬಿದ್ದ ಯಂತ್ರವನ್ನು ತರಲು ಮನುಷ್ಯನನ್ನು ಅಪಾಯಕ್ಕೆ ಕಳುಹಿಸುವುದಾದರೆ ಯಂತ್ರವನ್ನು ಕಳುಹಿಸಿದ ಉದ್ದೇಶವೇ ಕೆಟ್ಟಿತು.

ಎಲ್ಲಕ್ಕಿಂತ ಮಿಗಿಲಾದ ಎಚ್ಚರಿಕೆ ಅನಿಲದ ವಿಷಯದಲ್ಲಿ ಬೇಕು. ಕಲ್ಲಿದ್ದಲಿನ ಗಣಿಯಲ್ಲಿಯೂ ಚರಂಡಿಯಲ್ಲಿಯೂ ಮೀಥೇನ್ ಸೇರುವುದುಂಟು. ಗಾಳಿಯಲ್ಲಿ ಅದರ ಪ್ರಮಾಣ ನೂರಕ್ಕೆ 5ರಿಂದ 15ರವರೆಗೆ ಇದ್ದಾಗ ಒಂದು ಕಿಡಿ ಸಾಕು, ಸ್ಫೋಟವಾಗುತ್ತದೆ. ಸಾಧಾರಣ ಡ್ರೋನಿನ ಮೋಟಾರು, ಬ್ಯಾಟರಿ, ತಂತಿಯ ಜೋಡಣೆ ಇವುಗಳಲ್ಲಿ ಯಾವುದು ಬೇಕಾದರೂ ಆ ಕಿಡಿಯನ್ನು ಹೊತ್ತಿಸಬಲ್ಲದು. ಅನಿಲವನ್ನು ಅಳೆಯದೆ, ಅಂಥ ಸ್ಥಳಕ್ಕೆಂದೇ ನಿರ್ಮಿತವಾದ ಯಂತ್ರವಿಲ್ಲದೆ ಅಲ್ಲಿ ಹಾರಿಸುವುದು ಧೈರ್ಯವಲ್ಲ, ಅವಿವೇಕ.

ಯಂತ್ರ ಬಂದರೆ ಕಾರ್ಮಿಕನ ಅನ್ನಕ್ಕೆ ಕಲ್ಲು ಬೀಳುವುದಿಲ್ಲವೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ಯೋಗ್ಯವಾದದ್ದೇ. ಆದರೆ ಇಲ್ಲಿ ಯಂತ್ರವು ಕಸಿದುಕೊಳ್ಳುವುದು ಕಾರ್ಮಿಕನ ಕೆಲಸವನ್ನಲ್ಲ, ಅವನ ಸಾವನ್ನು. ಸಿಲ್ಕ್ಯಾರಾದಲ್ಲಿ ಕೊನೆಗೆ 41 ಮಂದಿಯನ್ನು ಹೊರತಂದದ್ದು ಮನುಷ್ಯರ ಕೈಗಳೇ ಎಂಬುದನ್ನು ಯಾರೂ ಮರೆಯಬಾರದು. ಯಂತ್ರವು ಕಣ್ಣಾಗಲಿ, ಕೈ ಮನುಷ್ಯನದೇ ಇರಲಿ. ಚರಂಡಿಗಳಲ್ಲಿ ಮನುಷ್ಯನನ್ನು ಇಳಿಸಿ ಅಪಾಯಕರವಾಗಿ ಶುಚಿ ಮಾಡಿಸುವುದನ್ನು 2013ರ ಕಾನೂನು ನಿಷೇಧಿಸಿದೆ. ಕಾನೂನು ಕಾಗದದಿಂದ ಬೀದಿಗೆ ಇಳಿಯಬೇಕಾದರೆ ಇಂತಹ ಸಾಧನಗಳೂ, ಅವುಗಳನ್ನು ಬಳಸಬೇಕೆಂಬ ಮನಸ್ಸೂ ಬೇಕು.

ನಮ್ಮ ಮಟ್ಟಿಗೆ ಹೇಳುವುದಾದರೆ, ಕನ್ನಡಿಗರಿಗೆ ನೆಲದಾಳವು ಅಪರಿಚಿತವಲ್ಲ. ಕೋಲಾರದ ಚಿನ್ನದ ಗಣಿಯು 3 ಕಿಲೋಮೀಟರಿಗೂ ಆಳವಾಗಿತ್ತು. ಅಲ್ಲಿ ಶಿಲೆಯು ಸುಡುತ್ತಿತ್ತು, ಒತ್ತಡ ತಾಳದೆ ಹಠಾತ್ತನೆ ಸಿಡಿಯುತ್ತಿತ್ತು. 2001ರಲ್ಲಿ ಆ ಗಣಿ ಮುಚ್ಚುವ ಪರ್ಯಂತ ಅಂತಹ ಸಿಡಿತಗಳಿಗೆ ಬಲಿಯಾದ ಕುಟುಂಬಗಳು ಹಲವು. ರಾಯಚೂರು ಜಿಲ್ಲೆಯ ಹಟ್ಟಿಯ ಗಣಿಯಂತೂ ಈ ಹೈದರಾಬಾದಿಗೆ ಹತ್ತಿರದ ಸಂಬಂಧಿ. 1947ರಲ್ಲಿ ಹೈದರಾಬಾದ್ ಚಿನ್ನದ ಗಣಿ ಎಂಬ ಹೆಸರಿನಿಂದ ಅದರ ಕಂಪೆನಿ ಸ್ಥಾಪಿತವಾಯಿತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ರಾಯಚೂರಿನೊಡನೆ ಅದು ಕನ್ನಡ ನಾಡಿಗೆ ಸೇರಿತು. ಅಲ್ಲಿ ಇಳಿದು ದುಡಿದವರ ಭಾಷೆಯಲ್ಲಿಯೇ ಕಲಿಯುತ್ತಿರುವ ನಮಗೆ, ಇಳಿಯುವವರ ಕ್ಷೇಮವನ್ನು ಚಿಂತಿಸುವ ಹೊಣೆಯೂ ಇದೆ.

ವಿದ್ಯಾರ್ಥಿ ಮಿತ್ರರಲ್ಲಿ ಕೆಲವರು ಮನೆಯ ನೆಲಮಾಳಿಗೆಯಲ್ಲಿ ಆಟದ ಡ್ರೋನುಗಳನ್ನು ಹಾರಿಸುವ ಮನಸ್ಸುಳ್ಳವರಿರಬಹುದು. ವಾಹನಗಳು ತಿರುಗುವ, ಮಕ್ಕಳು ಓಡಾಡುವ ನೆಲಮಾಳಿಗೆಯು ಅದಕ್ಕೆ ತಕ್ಕ ಸ್ಥಳವಲ್ಲ. 2021ರ ಡ್ರೋನ್ ನಿಯಮಗಳು ಚಾಲಕನ ಪ್ರಮಾಣಪತ್ರ ಪಡೆಯಲು 18 ವರ್ಷ ತುಂಬಿರಬೇಕೆಂದು ವಿಧಿಸಿದವು. ಹಾಗೆಂದು ಕಲಿಕೆಯನ್ನು ಆವರೆಗೆ ಮುಂದೂಡಬೇಕಾಗಿಲ್ಲ. ಶಾಲೆಯ ಸಭಾಂಗಣದ ಪರದೆಗಳನ್ನು ಇಳಿಬಿಟ್ಟು, ರೆಕ್ಕೆಗೆ ಪಂಜರವಿರುವ ಪುಟ್ಟ ಯಂತ್ರವನ್ನು ಉಪಾಧ್ಯಾಯರ ಸಮ್ಮುಖದಲ್ಲಿ ಹಾರಿಸಿ, ಉಪಗ್ರಹವಿಲ್ಲದಿದ್ದರೆ ಅದು ಎಷ್ಟು ತೇಲಿ ಹೋಗುತ್ತದೆಂದು ಟೇಪಿನಿಂದ ಅಳೆಯಬಹುದು. ಆ ಅಳತೆಯಿಂದ ಕಲಿಯುವ ಭೌತವಿಜ್ಞಾನವು ಕಂಠಪಾಠದಿಂದ ಬರತಕ್ಕದ್ದಲ್ಲ. ನಮ್ಮ ಶಾಲೆಗಳ ವಿಜ್ಞಾನ ಸಂಘಗಳು ಇದನ್ನು ಕೈಗೊಳ್ಳಲೆಂದು ನಾವು ಹಾರೈಸುತ್ತೇವೆ.

ಇನ್ನು ದೊಡ್ಡವರಲ್ಲಿ ನಮ್ಮದು ಒಂದೇ ವಿನಂತಿ. ಸುರಂಗವನ್ನು ತೋಡುವ ಪ್ರತಿಯೊಂದು ಗುತ್ತಿಗೆಯಲ್ಲಿಯೂ ಕಾರ್ಮಿಕನ ಶಿರಸ್ತ್ರಾಣವು ಹೇಗೆ ಕಡ್ಡಾಯವೋ ಹಾಗೆಯೇ ಬಾಗಿಲಿನಲ್ಲಿ ಸಿದ್ಧವಾಗಿರುವ ಒಂದು ಯಂತ್ರವೂ, ಅದನ್ನು ಬಲ್ಲ ಇಬ್ಬರು ಚಾಲಕರೂ, ಪ್ರತಿ ವಾರದ ನಕ್ಷೆಯೂ ಕಡ್ಡಾಯವಾಗಲಿ. ಅದಕ್ಕೆ ತಗಲುವ ವೆಚ್ಚವು ಒಂದು ಸುರಂಗದ ವೆಚ್ಚದ ಮುಂದೆ ತೀರ ಅಲ್ಪ. ಮಾದಾಪುರದ ಕಚೇರಿಗಳಲ್ಲಿ ಲೆಕ್ಕ ಬಲ್ಲ ಬುದ್ಧಿವಂತರು ಸಾವಿರಾರು ಮಂದಿ ಇದ್ದಾರೆ. ಅವರಲ್ಲಿ ಕೆಲವರು ನೆಲದಡಿಯ ಈ ಲೆಕ್ಕಕ್ಕೂ ಮನಸ್ಸು ಕೊಡಲಿ. ಅವರ ಸ್ಥಾನಗಳಿಗೆ ನಾಳೆ ಬರತಕ್ಕವರು ಇಂದು ಈ ಪುಟಗಳನ್ನು ಓದುತ್ತಿರುವ ನೀವೇ. ಆಗ ಎತ್ತರದ ಕಟ್ಟಡವನ್ನು ಕಟ್ಟುವ ಅವಕಾಶ ನಿಮಗೆ ದೊರೆತರೆ, ಅದರ ಬುನಾದಿಯೊಳಗೆ ಮೊದಲು ಇಳಿಯುವವನು ಯಾರೆಂದು ಕೇಳಿರಿ. ಮೊದಲು ಯಂತ್ರ ಹೋಗಿ ಬರಲಿ. ಆಮೇಲೆ ಮನುಷ್ಯನು ನಿರ್ಭಯನಾಗಿ ಇಳಿದು, ಸಂಜೆಗೆ ತನ್ನ ಮನೆಗೆ ಹಿಂದಿರುಗಲಿ.