ನೆತ್ತರ ಕಾಲುವೆಗೆ ಒಡ್ಡು

ಬೆಳೆದ ಮನುಷ್ಯನ ದೇಹದಲ್ಲಿ ಹೊಸ ರಕ್ತನಾಳಗಳು ಹುಟ್ಟುವ ಸಂದರ್ಭಗಳು ವಿರಳ. ಗಾಯ ಮಾಯುವಾಗ ಅವು ಚಿಗುರುತ್ತವೆ. ಕಾರ್ಯ ಮುಗಿದೊಡನೆ ಚಿಗುರುವುದೂ ನಿಲ್ಲುತ್ತದೆ. ಬೇಡದ ಕಡೆ ಚಿಗುರಿದರೆ ಅದು ವ್ಯಾಧಿ.

ಕ್ಯಾನ್ಸರಿನ ಗೆಡ್ಡೆ ಬೆಳೆಯಬೇಕಾದರೆ ಅದಕ್ಕೂ ನೆತ್ತರು ಬೇಕು. ಆ ಕಾಲುವೆಯನ್ನೇ ಕಟ್ಟಿದರೆ ಗೆಡ್ಡೆ ಸೊರಗೀತೆಂದು ಬಾಸ್ಟನ್ನಿನ ಶಸ್ತ್ರವೈದ್ಯ ಜೂಡಾ ಫೋಕ್‌ಮನ್ 1971ರಲ್ಲಿ ಬರೆದಾಗ ನಂಬಿದವರು ಕೆಲವರೇ. 1989ರಲ್ಲಿ ಕ್ಯಾಲಿಫೋರ್ನಿಯದ ಜೆನೆನ್‌ಟೆಕ್ ಸಂಸ್ಥೆಯಲ್ಲಿ ನೆಪೋಲಿಯೋನ್ ಫೆರಾರಾ ಮತ್ತು ಅವರ ಸಂಗಡಿಗರು, ನಾಳಗಳಿಗೆ ‘ಬೆಳೆಯಿರಿ’ ಎಂದು ಆಜ್ಞೆ ಒಯ್ಯುವ ಪ್ರೋಟೀನೊಂದನ್ನು ಗುರುತಿಸಿದರು. ವಿಇಜಿಎಫ್ ಎಂಬುದು ಅದರ ಹೆಸರು.

ದೂತನನ್ನು ದಾರಿಯಲ್ಲೇ ಹಿಡಿಯಲು ಅವರು ಆರಿಸಿಕೊಂಡ ಸಾಧನ ಪ್ರತಿಕಾಯ. (ಪದ ತೀರ ಗ್ರಾಂಥಿಕವಾಯಿತೆಂದು ನನ್ನ ವಿದ್ಯಾರ್ಥಿಗಳು ಗೊಣಗುವುದುಂಟು, ಇದಕ್ಕಿಂತ ಹಗುರವಾದುದು ನನಗಂತೂ ಹೊಳೆದಿಲ್ಲ.) ರೋಗಾಣುಗಳನ್ನು ಹಿಡಿಯಲು ದೇಹ ತಾನೇ ಸಿದ್ಧಪಡಿಸುವ ವಸ್ತುವದು, ಒಂದೊಂದೂ ತನ್ನ ಗುರಿಗೇ ಅಂಟುತ್ತದೆ. ವಿಇಜಿಎಫ್‌ಗೆ ಅಂಟುವಂತೆ ನಿರ್ಮಿಸಿದ ಬೆವಾಸಿಜುಮಾಬ್ 2004ರಲ್ಲಿ ಅಮೆರಿಕದಲ್ಲಿ, ಹರಡಿದ ದೊಡ್ಡ ಕರುಳಿನ ಕ್ಯಾನ್ಸರಿಗೆ ಅನುಮತಿ ಪಡೆಯಿತು. ಇತರ ಔಷಧಗಳೊಡನೆ ಕೊಟ್ಟಾಗ ರೋಗಿಗಳ ಆಯುಸ್ಸಿಗೆ ಕೆಲವು ತಿಂಗಳು ಕೂಡಿದವು. ಅಷ್ಟೇ.

ಉಪಾಯ ಗೆದ್ದದ್ದು ಕಣ್ಣಿನಲ್ಲಿ. ಇಳಿವಯಸ್ಸಿನ ಒಂದು ರೋಗದಲ್ಲಿ, ಕಣ್ಣಿನ ಹಿಂಬದಿಯ ಪರದೆಯ ನಟ್ಟನಡುವೆ ಹೊಸ ನಾಳಗಳು ನುಗ್ಗಿ, ನೀರು ನೆತ್ತರು ಒಸರುತ್ತವೆ. ನೆಟ್ಟಗಿನ ಬಾಗಿಲುವಾಡ ಡೊಂಕಾಗಿ ತೋರುತ್ತದೆ. ಕ್ರಮೇಣ ಎದುರು ಕುಳಿತ ಮೊಮ್ಮಗುವಿನ ಕೈಕಾಲು ಕಾಣುತ್ತವೆ, ಮುಖ ಕಾಣದು. 2005ರಲ್ಲಿ ಮಯಾಮಿಯ ನೇತ್ರವೈದ್ಯ ಫಿಲಿಪ್ ರೋಸೆನ್‌ಫೆಲ್ಡ್ ಕ್ಯಾನ್ಸರಿನ ಆ ಔಷಧವನ್ನೇ ಇಂತಹ ಕಣ್ಣಿನೊಳಕ್ಕೆ ಚುಚ್ಚಿದರು. ಈ ಕ್ರಮದಲ್ಲಿ ರೂಢಿಯಾದ ಪ್ರಮಾಣ 1.25 ಮಿಲಿಗ್ರಾಂ, ಒಂದು ಹನಿಯಷ್ಟು. ಅನೇಕರಿಗೆ ದೃಷ್ಟಿ ಉಳಿಯಿತು, ಕೆಲವರಿಗೆ ಮರಳಿತು.

ಮರುವರ್ಷ ಅದೇ ಸಂಸ್ಥೆ ಕಣ್ಣಿಗೆಂದೇ ರಾನಿಬಿಜುಮಾಬನ್ನು ಹೊರತಂದಿತು. ಆಗ ಅಮೆರಿಕದಲ್ಲಿ ಒಂದು ಚುಚ್ಚುಮದ್ದಿಗೆ ಸುಮಾರು 2000 ಡಾಲರ್! ದೊಡ್ಡ ಸೀಸೆಯಿಂದ ಹಂಚಿ ತುಂಬಿದ ಹಳೆಯ ಔಷಧಕ್ಕೆ ಸುಮಾರು 50. ಎರಡನ್ನೂ ಹೋಲಿಸಿ ನೋಡಲು ಹಣ ಕೊಟ್ಟದ್ದು ತಯಾರಕರಲ್ಲ, ಅಮೆರಿಕದ ರಾಷ್ಟ್ರೀಯ ನೇತ್ರಸಂಸ್ಥೆ. 2011ರಲ್ಲಿ ಉತ್ತರ ಬಂದಿತು: ದೃಷ್ಟಿಯ ಮಟ್ಟಿಗೆ ಎರಡೂ ಸರಿಸಮ. ಸೀಸೆಯನ್ನು ಹಂಚುವಾಗ ರೋಗಾಣು ಸೇರಿ ಕಣ್ಣು ಕಳೆದುಕೊಂಡವರೂ ಉಂಟು. ಆದ್ದರಿಂದ ಅಗ್ಗದ ಹನಿಗೆ ಶುಚಿಯ ಕೈ ಬೇಕು. ಆದರೆ ಈ ಚಿಕಿತ್ಸೆ ಒಂದು ಸಲಕ್ಕೆ ಮುಗಿಯುವುದಲ್ಲ. ಮೊದಲು ತಿಂಗಳಿಗೊಮ್ಮೆ, ಆಮೇಲೆ ಅಗತ್ಯವಿದ್ದಂತೆ, ಹಲವು ವರ್ಷ ಚುಚ್ಚಿಸಿಕೊಳ್ಳಬೇಕಾದೀತು. ಪಿಂಚಣಿಯಲ್ಲಿ ಬದುಕುವ ವೃದ್ಧರಿಗೆ 50ಕ್ಕೂ 2000ಕ್ಕೂ ಇದ್ದ ಅಂತರವೆಂದರೆ, ಮುಂದಿನ ತಿಂಗಳು ಆಸ್ಪತ್ರೆಗೆ ಹೋಗುವುದೋ ಬಿಡುವುದೋ ಎಂಬುದೇ.